ನಮ್ಮೂರ ರಸ್ತೆ, ಚಿಗರಿಯ ಹಾದಿ

ಸೋದರಿಯರೇ, ನಮ್ಮ ನಾಲವಾರವನ್ನು ನಿಮ್ಮಲ್ಲಿ ಕೆಲವರಾದರೂ ರೈಲಿನ ಕಿಟಕಿಯಿಂದ ನೋಡಿರಬಹುದು. ವಾಡಿ ಜಂಕ್ಷನ್ ದಾಟಿ ರಾಯಚೂರಿನ ಕಡೆ ಹೊರಟರೆ ಯಾದಗಿರಿಗಿಂತ ಮೊದಲು ಸಿಗುವ ಸಣ್ಣ ಸ್ಟೇಷನ್ ನಮ್ಮದು. ಕೋರಿಸಿದ್ಧೇಶ್ವರ ಮಠದ ಜಾತ್ರೆಗೆ ಬಂದವರಿಗೆ ಊರು ಗೊತ್ತು. ಸನ್ನತಿಯ ಚಂದ್ರಲಾಂಬಾ ತಾಯಿಗೆ ಉಡಿ ತುಂಬಲು ರೈಲಿನಲ್ಲಿ ಬರುವವರೂ ಇಲ್ಲಿಯೇ ಇಳಿಯುತ್ತಾರೆ. ಗುಡಿ, ಮಠಗಳ ವಿಷಯ ಬಹಳ ಮಂದಿ ಬರೆದಿದ್ದಾರೆ. ನಾನು ಹೇಳಹೊರಟಿರುವುದು ನಮ್ಮೂರ ಮಗ್ಗುಲಿನಿಂದ ಹಾದುಹೋಗುವ ರಸ್ತೆಯ ಮಾತು, ಅದರ ಮೇಲೆ ರಾತ್ರಿ ಎದುರುಬದುರಾಗುವ ಲಾರಿ ಮತ್ತು ಪ್ರಾಣಿಗಳ ಮಾತು.

ಇದೇನು, ಹೆಂಗಸರ ಪತ್ರಿಕೆಯಲ್ಲಿ ಲಾರಿಯ ಸುದ್ದಿ ಎನ್ನಬೇಡಿ. ಲಾರಿ ನಡೆಸುವವನ ಮನೆಯಲ್ಲಿ ರಾತ್ರಿ ನಿದ್ದೆಗೆಟ್ಟು ಕೂರುವವಳು ಹೆಂಗಸು. ಎಮ್ಮೆ ಮನೆಗೆ ಬರಲಿಲ್ಲವೆಂದು ಬ್ಯಾಟರಿ ಹಿಡಿದು ರಸ್ತೆಗೆ ಓಡುವವಳೂ ಹೆಂಗಸೇ. ನನ್ನ ಪಾಡು ಇನ್ನೂ ವಿಚಿತ್ರ. ತವರಿನಲ್ಲಿ ತಮ್ಮ ಲಾರಿ ಡ್ರೈವರು, ಅತ್ತೆಮನೆಯಲ್ಲಿ ಹಾಲಿನ ಎಮ್ಮೆಗಳು. ಹೀಗಾಗಿ ಎರಡೂ ಕಡೆಯ ವಕಾಲತ್ತು ನನ್ನ ಮನೆಯಲ್ಲೇ ನಡೆಯುತ್ತದೆ!

ಕಲ್ಲಿನ ಸೀಮೆ, ಸಿಮೆಂಟಿನ ಲಾರಿ

ನಮ್ಮದು ಸುಣ್ಣಕಲ್ಲಿನ ನೆಲ. ಶಹಾಬಾದ್ ಕಲ್ಲು ಎಂದು ನಿಮ್ಮ ಅಡುಗೆಮನೆಗೆ ಹಾಸಿದ್ದೀರಲ್ಲ, ಅದು ಶಹಾಬಾದ್, ವಾಡಿ, ಚಿತ್ತಾಪುರ ಸುತ್ತಿನ ಗಣಿಗಳಿಂದ ಬರುವಂಥದು. ಅದೇ ಸುಣ್ಣಕಲ್ಲನ್ನು ಸುಟ್ಟು ಪುಡಿಮಾಡಿ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಮಾಡುತ್ತಾರೆ. ಹಗಲೂ ರಾತ್ರಿಯೂ ಕಲ್ಲಿನ ಲಾರಿ, ಸಿಮೆಂಟ್ ಚೀಲದ ಲಾರಿ, ಪುಡಿ ಸಿಮೆಂಟ್ ತುಂಬಿದ ಉದ್ದನೆಯ ಬಲ್ಕರುಗಳು ಓಡುತ್ತಲೇ ಇರುತ್ತವೆ. ನಡುರಾತ್ರಿ ಎಚ್ಚರವಾದರೆ ರೈಲಿನ ಸದ್ದು ಯಾವುದು, ಲಾರಿಯದು ಯಾವುದು ಎಂದು ನಮ್ಮ ಮಕ್ಕಳು ಮಲಗಿದಲ್ಲಿಂದಲೇ ಹೇಳುತ್ತಾರೆ.

ರಸ್ತೆಯ ಎರಡೂ ಬದಿ ಎರೆಹೊಲ. ತೊಗರಿ, ಜೋಳ, ಹತ್ತಿ. ಸಂಜೆ ಮೇಯಲು ಹೋದ ದನ, ಎಮ್ಮೆ, ಕುರಿ ಹಿಂಡುಗಳೆಲ್ಲ ಇದೇ ರಸ್ತೆ ದಾಟಿ ಮನೆಗೆ ಬರಬೇಕು. ಮಳೆಗಾಲದಲ್ಲಂತೂ ಕೇಳಬೇಡಿ. ಎರೆನೆಲ ಕೆಸರಾಗಿ ಕಾಲು ಹೂತುಕೊಳ್ಳುತ್ತದೆ, ನೊಣ ಸೊಳ್ಳೆ ಮುತ್ತುತ್ತವೆ. ಡಾಂಬರು ರಸ್ತೆ ಒಣಗಿರುತ್ತದೆ, ಹಗಲಿನ ಬಿಸಿ ಇನ್ನೂ ಉಳಿದಿರುತ್ತದೆ, ಗಾಳಿಗೆ ನೊಣದ ಕಾಟವೂ ಕಡಿಮೆ. ದನಗಳು ನಡುರಸ್ತೆಗೆ ಬಂದು ಮೆಲುಕು ಹಾಕುತ್ತ ಮಲಗಿಬಿಡುತ್ತವೆ. ಅವುಗಳಿಗೆ ಹಟ ಎನ್ನುತ್ತೇವೆ. ಪಾಪ, ಅವು ಒಣ ಜಾಗ ಹುಡುಕಿಕೊಂಡು ಬಂದಿರುತ್ತವೆ ಅಷ್ಟೆ.

ಬಿಳಿ ಆಕಳಾದರೆ ದೂರದಿಂದ ಕಂಡೀತು. ಕರಿ ಎಮ್ಮೆ ಕರಿ ರಸ್ತೆಯ ಮೇಲೆ ನಿಂತರೆ ದೇವರೇ ಗತಿ. ಅದು ಲಾರಿಯ ಕಡೆ ಮುಖ ಮಾಡಿದ್ದರೆ ಕಣ್ಣು ಹೊಳೆದು ಗೊತ್ತಾಗುತ್ತದೆ. ನಿಮ್ಮ ಮನೆಯ ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದಿಲ್ಲವೇ, ಹಾಗೆ. ದನ, ಎಮ್ಮೆ, ಜಿಂಕೆಗಳಿಗೂ ಕಣ್ಣಿನೊಳಗೆ ಹಿಂಬದಿಯಲ್ಲಿ ಕನ್ನಡಿಯಂಥ ಪದರು ಇರುತ್ತದೆ. ಆದರೆ ಬೆನ್ನು ಮಾಡಿ ನಿಂತ ಎಮ್ಮೆಗೆ ಯಾವ ಹೊಳಪು?

ತಮ್ಮ ಹೇಳಿದ ಲೆಕ್ಕ

"ದನಾ ಕಂಡ ಮ್ಯಾಲ ಬ್ರೇಕ್ ಹಾಕಲಿಕ್ಕೇನು ಧಾಡಿ?" ಎಂದು ಒಮ್ಮೆ ತಮ್ಮನನ್ನು ಕೇಳಿದೆ. ಅವನು ನಕ್ಕು ನನ್ನ ಕೈಗೆ ಪೆನ್ಸಿಲ್ ಕೊಟ್ಟು ಲೆಕ್ಕ ಹಾಕಿಸಿದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಕಣ್ಣು ನೋಡಿ, ಮನಸ್ಸಿಗೆ ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡಿಗೂ ಹೆಚ್ಚೇ ಆಗುತ್ತದೆ. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ಬೇರೆ. ತಗ್ಗಿಸಿದ ದೀಪದಲ್ಲಿ ಚೆನ್ನಾಗಿ ಕಾಣುವುದೇ ಸುಮಾರು 40–50 ಮೀಟರ್. ಹಿಂದೆ 500 ಚೀಲ ಸಿಮೆಂಟ್ ಇದ್ದರೆ ಅದೇ 25 ಟನ್.

"ಅಕ್ಕಾ, ದನಾ ಅಡ್ಡ ಬಂತಂದ್ರ ಬ್ರೇಕ್ ಹಿಡೀಬೇಕು, ಗಾಡಿ ನೆಟ್ಟಗ ಇಡಬೇಕು. ಸ್ಟೇರಿಂಗ್ ಜಗ್ಗಿ ತಿರುಗಿಸಬಾರದು. ತಿರುಗಿಸಿದ್ರ ಹಿಂದಿನ ಲೋಡು ನನ್ನ ಮಾತು ಕೇಳೂದಿಲ್ಲ" ಎಂದ. ಕಲ್ಲಿನ ಲೋಡಾದರೆ ಇನ್ನೂ ಕಷ್ಟ. ಹಾಸುಗಲ್ಲು ಜಾರಿತೆಂದರೆ ಗಾಡಿ ಮಗುಚುತ್ತದೆ, ಕಲ್ಲು ಕ್ಯಾಬಿನ್ನಿಗೇ ಬಂದು ಬಡಿಯಬಹುದು. ಒಂದು ದನ ಉಳಿಸಲು ಹೋಗಿ ಎದುರಿಗೆ ಬರುವ ಮೋಟರ್‌ಸೈಕಲ್ಲಿನ ಮೇಲೆ ಹೋದರೆ? ಆ ಒಂದು ಕ್ಷಣದಲ್ಲಿ ಇಷ್ಟನ್ನೆಲ್ಲ ಅವನೊಬ್ಬನೇ ತೀರ್ಮಾನಿಸಬೇಕು. ಅದಕ್ಕೇ ಅವನು ಊರು ಹತ್ತಿರ ಬಂದಾಗ, ತಿರುವಿನಲ್ಲಿ, ಹಳ್ಳದ ಸೇತುವೆಯ ಬಳಿ ಮೊದಲೇ ವೇಗ ಇಳಿಸಿರುತ್ತಾನೆ. "ಆಮ್ಯಾಲ ಬ್ರೇಕ್ ಹಾಕೂದು ಶಾಣ್ಯಾತನ ಅಲ್ಲ, ಮೊದಲ ನಿಧಾನ ಹೋಗೂದು ಶಾಣ್ಯಾತನ" ಎನ್ನುತ್ತಾನೆ.

ಒಂದು ಶ್ರಾವಣದ ರಾತ್ರಿ

ಕೆಲವು ವರ್ಷಗಳ ಹಿಂದಿನ ಮಾತು. ಎರಡು ದಿನ ಬಿಡದೆ ಮಳೆ ಹೊಡೆದು ನಮ್ಮ ದನದ ಕೊಟ್ಟಿಗೆಯ ಮಣ್ಣಿನ ಗೋಡೆ ರಾತ್ರಿ ಕುಸಿಯಿತು. ಗಾಬರಿಬಿದ್ದ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಎರಡು ಹೊತ್ತಿನ ಹಾಲಿನೆಮ್ಮೆ. ಅದರ ಹಾಲು ಚಹಾದ ಹೋಟೆಲಿಗೆ ಹೋಗುತ್ತಿತ್ತು, ಆ ದುಡ್ಡಿನಲ್ಲಿ ಮಗಳ ಕಾಲೇಜಿನ ಫೀಸು ನಡೆಯುತ್ತಿತ್ತು. ನಾವು ಕಂದೀಲು, ಬ್ಯಾಟರಿ ಹಿಡಿದು ಹುಡುಕುತ್ತಿರುವಾಗಲೇ ರಸ್ತೆಯ ಕಡೆಯಿಂದ ಬ್ರೇಕಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ ಎಮ್ಮೆ ಮುಗಿದಿತ್ತು.

ಲಾರಿಯವನು ಓಡಿಹೋಗಿರಲಿಲ್ಲ. ದೂರದ ಊರಿನ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮಳೆಯಲ್ಲಿ ಕೈಮುಗಿದುಕೊಂಡು ನಿಂತಿದ್ದ. ಮಂದಿ ಸೇರಿತು. ಒಬ್ಬ ಕೊರಳಪಟ್ಟಿ ಹಿಡಿದ, ಮತ್ತೊಬ್ಬ ಕಲ್ಲೆತ್ತಿದ. ಆಗ ನಮ್ಮ ಅತ್ತೆ, ಎಪ್ಪತ್ತು ದಾಟಿದ ಮುದುಕಿ, ಗುಂಪು ಸೀಳಿಕೊಂಡು ಹೋಗಿ ಅವನ ಮುಂದೆ ನಿಂತರು. "ಎಮ್ಮಿ ನಂದು ಸತ್ತದ, ಸಿಟ್ಟು ನಿಮಗ್ಯಾಕ? ಎಮ್ಮಿ ಅಂತೂ ಹೋತು. ಈ ಕೂಸಿಗೇನರ ಆದ್ರ ಇವನ ಅವ್ವಗ ಯಾರು ಜವಾಬು ಕೊಡವ್ರು?" ಎಂದರು. ಕಲ್ಲು ಕೆಳಗೆ ಬಿತ್ತು. ಹುಡುಗನನ್ನು ಮನೆಗೆ ಕರೆದು ಚಹಾ ಕೊಟ್ಟರು. ಅವನ ಕೈ ನಡುಗಿ ಬಸಿಯಲ್ಲೆಲ್ಲ ಚಹಾ ಚೆಲ್ಲಿತು.

ಬೆಳಿಗ್ಗೆ ಹಿರಿಯರು ಕೂತು ಮಾತಾಡಿದರು. ಲಾರಿಯ ಮಾಲೀಕ ಸ್ವಲ್ಪ ಹಣ ಕೊಟ್ಟ. ಅದರಲ್ಲಿ ಅರ್ಧ ಎಮ್ಮೆಯೂ ಬರುತ್ತಿರಲಿಲ್ಲ. ಆ ವರ್ಷ ನನ್ನ ಕಿವಿಯ ಬೆಂಡೋಲೆ ಗಿರವಿ ಅಂಗಡಿ ಸೇರಿತು, ಮಗಳ ಫೀಸು ತಪ್ಪಲಿಲ್ಲ. ನನಗೆ ಆ ಎಮ್ಮೆಯ ದುಃಖ ಇನ್ನೂ ಇದೆ. ಆದರೆ ಆ ರಾತ್ರಿಯಿಂದ ತಮ್ಮ ದೂರದ ದಾರಿಗೆ ಹೊರಟಾಗಲೆಲ್ಲ, ದಾರಿಯಲ್ಲಿ ಯಾವುದೋ ಊರಿನಲ್ಲಿ ಅವನ ಮುಂದೆಯೂ ಇಂಥ ಒಬ್ಬ ಮುದುಕಿ ನಿಲ್ಲಲಪ್ಪಾ ಎಂದು ಬೇಡಿಕೊಳ್ಳುತ್ತೇನೆ.

ಚಿಗರಿ ಬಂತು, ಎಚ್ಚರ!

ನಮ್ಮ ಕಡೆ ಚಿಗರಿ ಎಂದರೆ ಪುಸ್ತಕದ ಕೃಷ್ಣಮೃಗ. ಗಂಡಿಗೆ ತಿರುಚಿದ ಉದ್ದ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಹೆಣ್ಣು ಕಂದು ಬಣ್ಣದ್ದು. ಇದು ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನದು. ಹುಲ್ಲುಗಾವಲು ಕಡಿಮೆಯಾಗಿ ಹೊಲವೇ ಅದರ ಬಯಲಾಗಿದೆ. ಎಳೆಯ ತೊಗರಿ, ಜೋಳದ ಮೊಳಕೆ ಅದಕ್ಕೆ ಇಷ್ಟ. ಒಕ್ಕಲಿಗನಿಗೆ ಹೊಟ್ಟೆಯುರಿ, ನೋಡುವವರಿಗೆ ಕಣ್ಣಿಗೆ ಹಬ್ಬ! ನಮ್ಮ ಜಿಲ್ಲೆಯ ಚಿಂಚೋಳಿಯಲ್ಲಿ 2011ರಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಘೋಷಿಸಿದರು. ಬಿಸಿಲ ಸೀಮೆಯೆಂದು ಮೂಗು ಮುರಿಯುವವರು ಅಲ್ಲಿನ ಚಂದ್ರಂಪಳ್ಳಿ ಕೆರೆಯ ದಂಡೆಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿ ಚಿಗರಿ, ತೋಳ, ಕತ್ತೆಕಿರುಬ, ನರಿ ಎಲ್ಲ ಇವೆ.

ಚಿಗರಿ ಗಂಟೆಗೆ 80 ಕಿಲೋಮೀಟರ್‌ವರೆಗೂ ಓಡಬಲ್ಲದು. ಅಷ್ಟು ಓಡುವ ಪ್ರಾಣಿ ಲಾರಿಗೆ ಯಾಕೆ ಸಿಗಬೇಕು? ತಮ್ಮ ಹೇಳುವುದು ಇಷ್ಟು. ಅದು ತೋಳ ಬಂದರೆ ಓಡಲು ಕಲಿತದ್ದು, ದೀಪ ಬಂದರೆ ಏನು ಮಾಡಬೇಕೆಂದು ಅದರ ತಾಯಿ ಕಲಿಸಿಲ್ಲ. ಕಣ್ಣಿಗೆ ಬೆಳಕು ಕುಕ್ಕಿದರೆ ಕಂಬದಂತೆ ನಿಂತುಬಿಡುತ್ತದೆ, ಇಲ್ಲವೇ ಕೊನೆಯ ಗಳಿಗೆಯಲ್ಲಿ ಲಾರಿಯ ಕಡೆಗೇ ಜಿಗಿಯುತ್ತದೆ. "ಒಂದು ದಾಟಿತು, ಮುಗೀತು ಅಂತ ತಿಳೀಬಾರದು ಅಕ್ಕಾ. ಮುಂದಿನದು ಜಿಗಿದಲ್ಲೇ ಹಿಂದಿನವೂ ಜಿಗೀತಾವ. ಹಿಂಡು ಪೂರಾ ದಾಟೂತನ ನಿಂತಬಿಡಬೇಕು." ನಸುಕು ಮತ್ತು ಮುಸ್ಸಂಜೆ ಅವು ಮೇಯಲು ಹೊರಡುವ ಹೊತ್ತು. ಡ್ರೈವರಿನ ಕಣ್ಣಿಗೆ ದಣಿವು ಬರುವುದೂ, ಬೆಳಕು ಮೋಸ ಮಾಡುವುದೂ ಅದೇ ಹೊತ್ತು.

ಗುಂಡ್ಲುಪೇಟೆಯಲ್ಲಿ ಕಂಡ ಲಾರಿ ಸಾಲು

ಕಾಡಿನ ರಸ್ತೆಯ ನಿಜವಾದ ರೂಪ ಕಂಡದ್ದು ಮೈಸೂರು ಸೀಮೆಗೆ ಹೋದಾಗ. ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ. ಅಳಿಯಂದಿರು ಹಿಮವದ್ ಗೋಪಾಲಸ್ವಾಮಿ ಬೆಟ್ಟ ತೋರಿಸಲು ಕರೆದೊಯ್ದರು. ನಮ್ಮ ಗಾಡಿ ಕೆಳಗೆ ಬಿಟ್ಟು ಸರಕಾರಿ ಬಸ್ಸಿನಲ್ಲಿ ಬೆಟ್ಟ ಹತ್ತಬೇಕು, ಇದೂ ಪ್ರಾಣಿಗಳ ನೆಮ್ಮದಿಗಾಗಿಯೇ. ಆ ಹೊತ್ತಿಗೆ ಸರಿಯಾಗಿ ತಮ್ಮನೂ ಕೇರಳಕ್ಕೆ ಕಲ್ಲಿನ ಲೋಡು ತಂದು ಗುಂಡ್ಲುಪೇಟೆಯಿಂದಾಚೆ ಮದ್ದೂರು ಚೆಕ್‌ಪೋಸ್ಟಿನ ಬಳಿ ನಿಂತಿದ್ದ. ನಾಲವಾರದಿಂದ 600 ಕಿಲೋಮೀಟರಿಗೂ ದೂರ ಬಂದು ಗೇಟು ಮುಚ್ಚಿ ರಾತ್ರಿ ಕಳೆಯುವುದೆಂದರೆ!

ಇದು ಬಂಡೀಪುರದ ಕಾಡು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಗುಂಡ್ಲುಪೇಟೆಯಿಂದ ಒಂದು ದಾರಿ ಕೇರಳದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ, ಎರಡೂ ಕಾಡನ್ನು ಸೀಳಿಕೊಂಡೇ ಹೋಗುತ್ತವೆ. ರಾತ್ರಿ ಲಾರಿಗಳಿಗೆ ಸಿಕ್ಕು ಜಿಂಕೆ, ಕಡವೆ, ಆನೆಮರಿಗಳು ಸಾಯುವುದು ಹೆಚ್ಚಾಗಿ 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸುವ ಆಜ್ಞೆ ಮಾಡಿದರು. ಗಲಾಟೆಯಾಗಿ ಆಜ್ಞೆ ಹಿಂದಕ್ಕೆ ಹೋಯಿತು, ಮತ್ತೆ ಕೋರ್ಟು ಹತ್ತಿತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ, ಪರವಾನಗಿ ಪಡೆದ ಕೆಲವೇ ಬಸ್ಸುಗಳಿಗೆ ವಿನಾಯಿತಿ. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ವಯನಾಡಿನ ಜನರಿಗೆ ಇದು ದೊಡ್ಡ ನೋವು, 2019ರಲ್ಲಿ ಅಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು.

ನಾನು ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹೊರತೆಗೆದೆ. ಅಕ್ಕಪಕ್ಕದ ಲಾರಿಯವರು ಸ್ಟೋವ್ ಹಚ್ಚಿ ಅನ್ನ ಸಾರು ಮಾಡುತ್ತಿದ್ದರು. ಒಬ್ಬ ತಮಿಳಿನವನು, ಒಬ್ಬ ಮಲಯಾಳಿ, ನಮ್ಮ ಹುಬ್ಬಳ್ಳಿ ಕಡೆಯವನೊಬ್ಬ. ರೊಟ್ಟಿ ಎಲ್ಲರಿಗೂ ಸಾಲಿತು. ತರಕಾರಿ ತಂದಿದ್ದ ಮಲಯಾಳಿ ಡ್ರೈವರಿಗೆ ಬೆಳಗಿನೊಳಗೆ ಸೊಪ್ಪು ಬಾಡುವ ಚಿಂತೆ. ಹುಬ್ಬಳ್ಳಿಯವನು ಬೇರೆ ಮಾತು ಹೇಳಿದ: "ಏನ ಬೈದರೂ ಅಕ್ಕೋರೆ, ಈ ಗೇಟಿನ ದಯೆಯಿಂದ ಒಂದು ರಾತ್ರಿ ನಿದ್ದಿ ಆಗ್ತದ ನೋಡ್ರಿ. ಇಲ್ಲಂದ್ರ ಮಾಲೀಕ ಮಲಗಾಕ ಬಿಡೂದಿಲ್ಲ." ಪ್ರಾಣಿಗೆಂದು ಮಾಡಿದ ಕಾನೂನು ಮನುಷ್ಯನ ಕಣ್ಣಿಗೂ ವಿಶ್ರಾಂತಿ ಕೊಟ್ಟಿತಲ್ಲ ಎನಿಸಿತು.

ತಮಿಳಿನವನದು ಆನೆಯ ಕತೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ಆಸನೂರು, ದಿಂಬಂ ಘಾಟಿ ಸಿಗುತ್ತವೆ. ಅಲ್ಲಿ ಆನೆಗಳು ಕಬ್ಬಿನ ಲಾರಿಗೇ ಕಾದು ನಿಲ್ಲುತ್ತವೆಯಂತೆ! ಹಿಂದೆ ಡ್ರೈವರುಗಳು ದಾರಿ ಬಿಡಲೆಂದು ನಾಲ್ಕು ಜಲ್ಲೆ ಎಸೆದರು. ಆನೆ ರುಚಿ ಕಂಡಿತು, ಮರಿಗೂ ಕಲಿಸಿತು. ಈಗ ಕಬ್ಬು ಎಸೆಯಬಾರದೆಂದು ಅರಣ್ಯದವರ ಕಟ್ಟಪ್ಪಣೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಆ ಘಾಟಿಯಲ್ಲೂ ರಾತ್ರಿ ನಿರ್ಬಂಧವಿದೆ.

ಆನೆ ಎದುರಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮೂವರೂ ಒಂದೇ ಉತ್ತರ ಕೊಟ್ಟರು. ದೂರದಲ್ಲೇ ನಿಲ್ಲಿಸಬೇಕು. ಹಾರ್ನ್ ಒತ್ತಬಾರದು, ದೀಪ ಎತ್ತಿ ಇಳಿಸಿ ಮಾಡಬಾರದು, ಕೆಳಗಿಳಿದು ಫೋಟೋ ತೆಗೆಯಬಾರದು. ತಾಯಿ ದಾಟಿದ ಮೇಲೆ ಮರಿ ಬರುವುದುಂಟು, ತಾಯಿಗೂ ಮರಿಗೂ ನಡುವೆ ಗಾಡಿ ನುಗ್ಗಿಸಿದವನು ಉಳಿಯುವುದಿಲ್ಲ. ಕಾಡುಕೋಣ ಬಂದರೂ ಹಾಗೆಯೇ, ದೊಡ್ಡ ಗಂಡು ಒಂದು ಟನ್‌ವರೆಗೂ ತೂಗುತ್ತದೆ.

ಬೆಳಿಗ್ಗೆ 6ಕ್ಕೆ ಗೇಟು ತೆರೆಯಿತು. ಲಾರಿಗಳು ಒಂದರ ಹಿಂದೊಂದು ಮೆಲ್ಲಗೆ ಹೊರಟವು. ನಾವೂ ಸ್ವಲ್ಪ ದೂರ ಹೋದೆವು. ರಸ್ತೆಬದಿಯ ಎಳೆಹುಲ್ಲಿನಲ್ಲಿ ಜಿಂಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಹೊರಗಿನವರ ಉಪಾಯ

ಈ ಕಷ್ಟ ನಮ್ಮೊಬ್ಬರದಲ್ಲ. ಅಮೆರಿಕದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಬಾರಿ ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆಂದು ಅಂದಾಜು. ಕೆನಡಾದ ಬ್ಯಾಂಫ್ ಕಾಡಿನಲ್ಲಿ ಹೆದ್ದಾರಿಯ ಮೇಲೆ ಹುಲ್ಲು, ಗಿಡ ಬೆಳೆಸಿದ ಸೇತುವೆಗಳನ್ನೇ ಪ್ರಾಣಿಗಳಿಗಾಗಿ ಕಟ್ಟಿದ್ದಾರೆ. ನಮ್ಮಲ್ಲೂ, ಹೈದರಾಬಾದ್, ಬೆಂಗಳೂರಿನ ಮೂಲಕ ಹೋಗುವ 44ನೆಯ ಹೆದ್ದಾರಿಯಲ್ಲೇ ಮಹಾರಾಷ್ಟ್ರದ ಪೆಂಚ್ ಕಾಡಿನಲ್ಲಿ ರಸ್ತೆಯನ್ನು ಎತ್ತರಿಸಿ ಕೆಳಗೆ 9 ಹಾದಿ ಬಿಟ್ಟಿದ್ದಾರೆ. ಮೇಲೆ ಲಾರಿ, ಕೆಳಗೆ ಹುಲಿ. ಫಿನ್ಲೆಂಡಿನಲ್ಲಿ 2014ರಲ್ಲಿ ಹಿಮಸಾರಂಗ ಸಾಕುವವರು ಅವುಗಳ ಕೋಡಿಗೆ ಹೊಳೆಯುವ ಬಣ್ಣ ಬಳಿದು ನೋಡಿದರಂತೆ.

ಓದಿ ನಗು ಬಂತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಬಣ್ಣದ ಜೊತೆ ಒಂದು ಗೇಣು ಹೊಳೆಯುವ ಪಟ್ಟಿ ಸುತ್ತಿದರೆ ಹಬ್ಬವೂ ಆಯಿತು, ರಕ್ಷಣೆಯೂ ಆಯಿತು. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಸನ್ನತಿಯಲ್ಲಿ ಕಾಳಿಯ ಗುಡಿಯ ಪೀಠದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕಿತಲ್ಲ, ಆ ಅಶೋಕ ತನ್ನ ಬೇರೊಂದು ಶಾಸನದಲ್ಲಿ ದಾರಿಯ ಬದಿ ಬಾವಿ ತೋಡಿಸಿದ್ದು, ಗಿಡ ನೆಡಿಸಿದ್ದು ಮನುಷ್ಯರಿಗೂ ಪಶುಗಳಿಗೂ ಎಂದು ಹೇಳಿಕೊಂಡಿದ್ದಾನೆ. ರಸ್ತೆ ಇಬ್ಬರದೂ ಎಂಬ ಮಾತು ಈ ನೆಲಕ್ಕೆ ಹೊಸದಲ್ಲ.

ನಾವು ಮನೆಯಿಂದಲೇ ಮಾಡಬಹುದಾದದ್ದು

ರಸ್ತೆ ಬದಿಯ ಊರಿನ ಸೋದರಿಯರೇ, ಇವಿಷ್ಟನ್ನು ನೆನಪಿಡಿ.

ಎಮ್ಮೆ, ಆಕಳ ಕೋಡಿಗೆ ಅಥವಾ ಕೊರಳಪಟ್ಟಿಗೆ ಹೊಳೆಯುವ ಪಟ್ಟಿ ಹಚ್ಚಿ. ಲಾರಿಯ ಹಿಂದೆ ಅಂಟಿಸುವ ಕೆಂಪು, ಬಿಳಿ ಪಟ್ಟಿ ವಾಹನದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬಂಡಿಯ ಹಿಂಬದಿಗೂ ಹಚ್ಚಿಸಿ. ಗಂಟೆ ಕಟ್ಟಿದರೆ ಕಳೆದ ದನವನ್ನು ಕತ್ತಲಲ್ಲಿ ಹುಡುಕಲು ಸುಲಭ.

ಮಳೆಗಾಲಕ್ಕೆ ಮೊದಲೇ ಕೊಟ್ಟಿಗೆಯ ಗೋಡೆ ನೋಡಿಸಿ, ನೆಲಕ್ಕೆ ಗರಸು ಅಥವಾ ಒಡೆದ ಹಾಸುಗಲ್ಲು ಹಾಕಿಸಿ. ಮಲಗಲು ಒಣ ಜಾಗವಿದ್ದರೆ ದನ ರಸ್ತೆಗೆ ಹೋಗುವುದಿಲ್ಲ.

ಹಾಲಿನ ದನಕ್ಕೆ ವಿಮೆ ಮಾಡಿಸಿ. ಪಶುವೈದ್ಯರು ನೋಡಿ, ಕಿವಿಗೆ ನಂಬರಿನ ಬಿಲ್ಲೆ ಹಾಕುತ್ತಾರೆ. ಆ ಬಿಲ್ಲೆ ಬಿದ್ದುಹೋಗದಂತೆ ನೋಡಿಕೊಳ್ಳಿ. ದನ ಸತ್ತರೆ ಹೂಳುವ ಮೊದಲು ವಿಮೆಯವರಿಗೂ ಪಶು ಆಸ್ಪತ್ರೆಗೂ ತಿಳಿಸಬೇಕು, ಮರಣೋತ್ತರ ಪರೀಕ್ಷೆಯ ಕಾಗದ ಬೇಕಾಗುತ್ತದೆ.

ಗಾಯಗೊಂಡ ದನಕ್ಕೆ 1962ಕ್ಕೆ ಫೋನ್ ಮಾಡಿದರೆ ಪಶುಗಳ ಆಂಬುಲೆನ್ಸ್ ಬರುತ್ತದೆ. ಚಿಗರಿ, ಜಿಂಕೆಯಾದರೆ ಅರಣ್ಯ ಇಲಾಖೆಯ 1926. ಅವನ್ನು ನಾವೇ ಹಿಡಿಯಬಾರದು, ಹೆದರಿಕೆಗೇ ಅವುಗಳ ಎದೆ ಒಡೆಯುತ್ತದೆ. ಸತ್ತ ಚಿಗರಿಯ ಮಾಂಸವನ್ನಾಗಲಿ ಕೋಡನ್ನಾಗಲಿ ಮನೆಗೆ ತರಗೊಡಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು ಖಂಡಿತ. ಮನುಷ್ಯರಿಗೆ ಪೆಟ್ಟಾಗಿದ್ದರೆ ಮೊದಲು 112.

ಮನೆಯವರು ಕಾರು, ಮೋಟರ್‌ಸೈಕಲ್ಲಿನಲ್ಲಿ ಹೊರಟರೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಿಧಾನ ಹೋಗಲು ಹೇಳಿ. ನೀವು ಪಕ್ಕದಲ್ಲಿ ಕೂತಿದ್ದರೆ ನಿದ್ದೆ ಮಾಡದೆ ರಸ್ತೆಬದಿ ನೋಡುತ್ತಿರಿ, ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಲೇಸು.

ಮನೆಯಲ್ಲಿ ಲಾರಿ ನಡೆಸುವವರಿದ್ದರೆ "ಯಾವಾಗ ಬರ್ತೀರಿ?" ಎಂದು ಗಳಿಗೆಗೊಮ್ಮೆ ಫೋನ್ ಮಾಡಬೇಡಿ. "ಮಲಗಿದ್ದಿರೇನು, ಊಟ ಆಯ್ತೇನು?" ಎಂದು ಅವರು ಗಾಡಿ ನಿಲ್ಲಿಸಿದಾಗ ಕೇಳಿ. ಬುತ್ತಿಯಲ್ಲಿ ಎಣ್ಣೆಯ ಪದಾರ್ಥ ಕಡಿಮೆ ಮಾಡಿ ರೊಟ್ಟಿ, ಹಿಂಡಿ, ಮಜ್ಜಿಗೆ ಕೊಡಿ. ಹೊಟ್ಟೆ ಭಾರವಾದರೆ ರೆಪ್ಪೆಯೂ ಭಾರ.

ಕೊನೆಯದೊಂದು ಮಾತು. ನಿಮ್ಮೂರ ರಸ್ತೆಯಲ್ಲಿ ಅಪಘಾತವಾಗಿ ಮಂದಿ ಸೇರಿದರೆ, ನಮಗ್ಯಾಕೆ ಎಂದು ಬಾಗಿಲು ಹಾಕಿಕೊಳ್ಳಬೇಡಿ. ಪೊಲೀಸರು ಬರುವವರೆಗೆ ಒಂದು ತಂಬಿಗೆ ನೀರು ಹಿಡಿದು ಹೊರಗೆ ಬನ್ನಿ. ತಪ್ಪು ಯಾರದು, ದುಡ್ಡು ಎಷ್ಟು ಎಂಬುದನ್ನು ಆಮೇಲೆ ಕೂತು ಮಾತಾಡಬಹುದು. ಹೆಂಗಸೊಬ್ಬಳು ನೀರು ಹಿಡಿದು ನಿಂತಲ್ಲಿ ಕೈಯೆತ್ತಲು ಎಂಥವನೂ ಹಿಂದೆಮುಂದೆ ನೋಡುತ್ತಾನೆ.